ಗಿರಣಿ ನಿಂತ ವಾರ, ಊರೆಲ್ಲ ಕಡಲಿಗೆ

ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ವರ್ಷಕ್ಕೆ ಒಂದು ವಾರ ಆಕಾಶ ತಿಳಿಯಾಗುತ್ತಿತ್ತು. ಬಾಯ್ಲರು ತೊಳೆಯಲು, ಯಂತ್ರ ರಿಪೇರಿ ಮಾಡಲು ಗಿರಣಿಗಳು ಬಾಗಿಲು ಹಾಕುತ್ತಿದ್ದವು. ಚಿಮಣಿಗಳ ಹೊಗೆ ನಿಂತು, ಬೀದಿಯ ತುದಿಯಲ್ಲಿ ನಿಂತವರಿಗೆ ಆಚೆಗಿನ ಗುಡ್ಡಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಆದರೆ ನಿಂತು ನೋಡುವುದಕ್ಕೆ ಊರಿನಲ್ಲಿ ಜನ ಇರಬೇಕಲ್ಲ! ನೂಲುವವರು, ನೇಯುವವರು, ಅವರನ್ನೇ ನಂಬಿದ ಅಂಗಡಿಯವರು, ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿರುತ್ತಿದ್ದರು. ಹೆಚ್ಚಿನವರು ಹೋಗುತ್ತಿದ್ದುದು ಬ್ಲ್ಯಾಕ್‌ಪೂಲ್‌ಗೆ.

ಆ ವಾರಕ್ಕೆ ‘ವೇಕ್ಸ್’ ಎಂದು ಹೆಸರು. ಮೂಲದಲ್ಲಿ ಅದು ಊರಿನ ಚರ್ಚಿನ ಹಬ್ಬ, ನಮ್ಮ ಕಡೆಯ ಊರಜಾತ್ರೆ ಇದ್ದಂತೆ. ಜಾತ್ರೆಯ ದಿನಗಳಲ್ಲಿ ಎಷ್ಟು ಗದರಿದರೂ ಕೆಲಸಗಾರರು ಗಿರಣಿಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮಾಲೀಕರೇ ಆಗ ಗಿರಣಿ ಮುಚ್ಚತೊಡಗಿದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಒಂದೆರಡು ದಿನದ ಆ ಬಿಡುವು ಅನೇಕ ಊರುಗಳಲ್ಲಿ ಪೂರಾ ವಾರವಾಗಿ ಬೆಳೆದಿತ್ತು. ಒಂದೊಂದು ಊರಿಗೆ ಒಂದೊಂದು ವಾರ. ಹೀಗಾಗಿ ಬೋಲ್ಟನ್ನಿನವರು ಹೊರಟ ಮೇಲೆ ಇನ್ನೊಂದು ಊರಿನವರು, ಅವರ ಹಿಂದೆ ಓಲ್ಡಮ್ಮಿನವರು ಬಂದು, ಬೇಸಿಗೆ ಪೂರ್ತಿ ಬ್ಲ್ಯಾಕ್‌ಪೂಲಿನ ಹಾಸಿಗೆಗಳು ಖಾಲಿ ಬೀಳುತ್ತಿರಲಿಲ್ಲ.

ಆ ವಾರಕ್ಕೆ ಕೂಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಗಿರಣಿ ಮುಚ್ಚಿದರೆ ಸಂಬಳವೂ ನಿಂತಿತು. ಅದಕ್ಕಾಗಿಯೇ ಜನ ಚೀಟಿ ಹಾಕುವ ಹಾಗೆ ವಾರವಾರವೂ ಒಂದಿಷ್ಟು ಪೆನ್ನಿಗಳನ್ನು ಉಳಿತಾಯದ ಕೂಟಗಳಿಗೆ ಕಟ್ಟುತ್ತಿದ್ದರು. ವೇಕ್ಸ್ ಹತ್ತಿರ ಬಂದಾಗ ಆ ಹಣ ಕೈಗೆ ಬರುತ್ತಿತ್ತು, ಕಡಲ ದಂಡೆಯಲ್ಲಿ ಅದು ಮುಗಿಯುತ್ತಿತ್ತು. ವರ್ಷವಿಡೀ ಹತ್ತಿಯ ದೂಳು ಕುಡಿದ ಜನ ಆರು ದಿನ ಉಪ್ಪುಗಾಳಿ ಕುಡಿಯುವುದಕ್ಕೆ ಅಷ್ಟು ಪಾಡುಪಡುತ್ತಿದ್ದರು.

ಇಂಗ್ಲೆಂಡಿನ ಕಡಲತಡಿಯ ಊರುಗಳ ಕಥೆ ಹೇಳುವಾಗ ವೈದ್ಯರನ್ನೂ ರಾಜಕುಮಾರರನ್ನೂ ಮುಂದೆ ನಿಲ್ಲಿಸುವುದು ವಾಡಿಕೆ. ಅವರ ಪಾಲು ಸುಳ್ಳಲ್ಲ. ಆದರೆ ಆ ಊರುಗಳನ್ನು ನಿಜವಾಗಿ ಕಟ್ಟಿ ಬೆಳೆಸಿದ್ದು ಕೂಲಿಯವರ ಬಿಡುವಿನ ವಾರ ಮತ್ತು ಆ ಬಿಡುವಿಗೆ ಬೆಲೆ ಕೊಟ್ಟ ಊರ ಆಡಳಿತ. ಇಂದು ಅವುಗಳಲ್ಲಿ ಹಲವು ದೇಶದ ಅತಿ ಬಡ ಊರುಗಳ ಪಟ್ಟಿಯಲ್ಲಿರುವುದನ್ನು ನೋಡಿದಾಗ ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಜನರನ್ನು ಮೊದಲು ಕಡಲಿಗೆ ತಂದದ್ದು ರೋಗ. ಯಾರ್ಕ್‌ಷೈರಿನ ಸ್ಕಾರ್ಬರೋದಲ್ಲಿ 1626ರ ಸುಮಾರಿಗೆ ಫ್ಯಾರರ್ ಎಂಬ ಗೃಹಿಣಿ ಬಂಡೆಯ ಬುಡದಲ್ಲಿ ಒಸರುತ್ತಿದ್ದ ಖನಿಜದ ನೀರನ್ನು ಗುರುತಿಸಿದಳು. ಅದನ್ನು ಕುಡಿಯಲು ಬಂದ ಜನ ಪಕ್ಕದಲ್ಲೇ ಇದ್ದ ಕಡಲಿಗೂ ಇಳಿದರು. ಮುಂದೆ 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಔಷಧ ಎಂದು ಲ್ಯಾಟಿನ್ನಿನಲ್ಲಿ ಪ್ರಬಂಧ ಬರೆದ. ಅವನ ಪ್ರಕಾರ ಆ ನೀರಿನಲ್ಲಿ ಮುಳುಗಿದರಷ್ಟೇ ಸಾಲದು, ಅದನ್ನು ಕುಡಿಯಲೂ ಬೇಕು. ಪುಸ್ತಕ ಇಂಗ್ಲಿಷಿಗೆ ಬಂದು ಹೆಸರಾಯಿತು. ರಸೆಲ್ ಆಗಿನ್ನೂ ಮೀನುಗಾರರ ಊರಾಗಿದ್ದ ಬ್ರೈಟನ್ನಿನ ದಂಡೆಯಲ್ಲೇ ಮನೆ ಕಟ್ಟಿಸಿ ರೋಗಿಗಳನ್ನು ಬರಮಾಡಿಕೊಂಡ.

ಆಗಿನ ಸ್ನಾನ ಈಗಿನ ಈಜಾಟದಂತಲ್ಲ. ಚಕ್ರದ ಮೇಲೆ ನಿಂತ ಮರದ ಗೂಡೊಂದರಲ್ಲಿ ಕೂತು ಬಟ್ಟೆ ಬದಲಿಸಬೇಕು. ಕುದುರೆ ಆ ಗೂಡನ್ನು ನೀರಿನೊಳಗೆ ಎಳೆದೊಯ್ಯುತ್ತದೆ. ಆಚೆಯ ಬಾಗಿಲು ತೆರೆದು ಮೆಟ್ಟಿಲಿಳಿದರೆ, ಅಲ್ಲಿ ಸೊಂಟಮಟ್ಟದ ತಣ್ಣೀರಿನಲ್ಲಿ ನಿಂತ ಗಟ್ಟಿಮುಟ್ಟು ಹೆಂಗಸು ತೋಳು ಹಿಡಿದು ಮೂರು ಸಲ ಮುಳುಗಿಸಿ ಎತ್ತುತ್ತಾಳೆ. ಬ್ರೈಟನ್ನಿನಲ್ಲಿ ಈ ಕೆಲಸ ಮಾಡುತ್ತಿದ್ದ ಮಾರ್ಥಾ ಗನ್ ದೇಶಕ್ಕೆಲ್ಲ ಹೆಸರುವಾಸಿಯಾಗಿದ್ದಳು. 1789ರಲ್ಲಿ ಮೂರನೆಯ ಜಾರ್ಜ್ ದೊರೆ ವೇಮತ್‌ನಲ್ಲಿ ಕಡಲಿಗಿಳಿದಾಗ, ಅವನು ಮುಳುಗಿದ ಕ್ಷಣಕ್ಕೆ ಸರಿಯಾಗಿ ಪಕ್ಕದ ಗೂಡಿನಲ್ಲಿ ಅಡಗಿದ್ದ ವಾದ್ಯಗಾರರು ರಾಜಗೀತೆ ನುಡಿಸಿದರಂತೆ.

ಅವನ ಮಗ ಬ್ರೈಟನ್ನಿಗೆ ಮನಸೋತ. 1815ರಿಂದ 1822ರವರೆಗೆ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಅವನಿಗಾಗಿ ಅಲ್ಲೊಂದು ಅರಮನೆಯನ್ನು ರೂಪಿಸಿದ. ಹೊರಗೆ ಮೊಗಲರ ಗುಮ್ಮಟ, ಮಿನಾರು, ಜಾಲಂಧ್ರ. ಒಳಗೆ ಚೀನಾದ ಡ್ರ್ಯಾಗನ್ನುಗಳು. ಮಕ್ಕಳ ಮನೆಗೆಂದು ಲಂಡನ್ನಿಗೆ ಹೋದ ಬೆಂಗಳೂರು, ಮೈಸೂರಿನ ಹಿರಿಯರನ್ನು ವಾರಾಂತ್ಯದಲ್ಲಿ ಬ್ರೈಟನ್ನಿಗೆ ಕರೆದೊಯ್ಯುವುದುಂಟು. ರೈಲಿನಲ್ಲಿ ಒಂದು ಗಂಟೆಯ ದಾರಿ. ಸ್ಟೇಷನ್ನಿನಿಂದ ಇಳಿದು ಬಂದವರು ಈ ಗುಮ್ಮಟಗಳನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ.

ಅಲ್ಲಿಯ ಭಾರತದ ನಂಟು ಗುಮ್ಮಟಕ್ಕೆ ಮುಗಿಯುವುದಿಲ್ಲ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ದುಡಿದು, ಐರ್ಲೆಂಡಿಗೆ ಹೋಗಿ ನೆಲೆಸಿ, 1794ರಲ್ಲಿ ತನ್ನ ಪ್ರವಾಸಕಥನ ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಅಡುಗೆಯ ಹೋಟೆಲು ತೆರೆದು ಕೈಸುಟ್ಟುಕೊಂಡ. ಬಳಿಕ ಬ್ರೈಟನ್ನಿಗೆ ಬಂದು, 1814ರಲ್ಲಿ ಮೂಲಿಕೆಯ ಹಬೆಯೂ ಅಂಗಮರ್ದನವೂ ಸಿಗುವ ಸ್ನಾನಗೃಹ ಶುರುಮಾಡಿದ. ಅಭ್ಯಂಜನದ ರುಚಿ ಗೊತ್ತಿರುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ; ಬಿಗಿದ ಅಂಗಿಗಳ ಇಂಗ್ಲಿಷರಿಗೆ ಅದು ಹೊಸ ಲೋಕವಾಗಿತ್ತು. ಇಬ್ಬರು ದೊರೆಗಳು ಅವನ ಕೈಯಿಂದ ಮೈ ಒತ್ತಿಸಿಕೊಂಡರು. ‘ಚಂಪಿ’ ಎಂಬ ಹಿಂದಿಯ ಮಾತು ‘ಶಾಂಪೂ’ ಆಗಿ ಇಂಗ್ಲಿಷಿನಲ್ಲಿ ಬೇರೂರಿದ್ದರಲ್ಲಿ ಅವನ ಪಾಲು ದೊಡ್ಡದು. ಈಗ ಅದೇ ಮಾತು ಸ್ಯಾಶೆಯಲ್ಲಿ ಕೂತು ನಮ್ಮ ಹಳ್ಳಿಯ ಅಂಗಡಿಗಳಿಗೆ ವಾಪಸು ಬಂದಿದೆ.

1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂತು. ಜನ ನುಗ್ಗಿದರು. ರಾಣಿ ವಿಕ್ಟೋರಿಯಾಗೆ ಈ ಗದ್ದಲ ಹಿಡಿಸದೆ ಅರಮನೆಯನ್ನು ಬಿಡುವ ಮನಸ್ಸಾಯಿತು. 1850ರಲ್ಲಿ ಊರಿನ ಆಡಳಿತವೇ 53,000 ಪೌಂಡು ಕೊಟ್ಟು ಅದನ್ನು ಕೊಂಡುಕೊಂಡಿತು. ದೊರೆಯ ವಿಲಾಸಕ್ಕೆಂದು ಎದ್ದ ಕಟ್ಟಡ ಊರವರ ಆಸ್ತಿಯಾಯಿತು. ಇಂಗ್ಲೆಂಡಿನ ಕಡಲೂರುಗಳ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಖರೀದಿ ಇನ್ನೊಂದಿಲ್ಲ.

ಮೊದಲ ಮಹಾಯುದ್ಧದಲ್ಲಿ ಅದೇ ಅರಮನೆ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಯಿತು. ಜಾತಿ, ಮತಗಳ ಊಟದ ಕಟ್ಟುಪಾಡಿಗೆ ತಕ್ಕಂತೆ ಆವರಣದಲ್ಲಿ ಒಂಬತ್ತು ಅಡುಗೆಮನೆಗಳಿದ್ದವು. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆಬೇರೆ ನಲ್ಲಿ. ಸಿಖ್ಖರ ಪ್ರಾರ್ಥನೆಗೆ ಡೇರೆ. ತೀರಿಕೊಂಡ 53 ಮಂದಿ ಹಿಂದೂ, ಸಿಖ್ ಸೈನಿಕರ ದಹನ ಊರಾಚೆಯ ಹುಲ್ಲುಗುಡ್ಡದ ಮೇಲೆ ನಡೆಯಿತು. ಅಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಎದ್ದಿತು. ಈಗಲೂ ಪ್ರತಿ ಜೂನ್‌ನಲ್ಲಿ ಅಲ್ಲಿ ಜನ ಸೇರಿ ಗೌರವ ಸಲ್ಲಿಸುತ್ತಾರೆ. ಬ್ರೈಟನ್ನಿಗೆ ಹೋದ ಭಾರತೀಯರು ಐಸ್‌ಕ್ರೀಮ್ ತಿಂದು ವಾಪಸಾಗುವ ಮೊದಲು ಆ ಗುಡ್ಡ ಹತ್ತಬೇಕು. ಬಸ್ಸು ಬಾಗಿಲವರೆಗೆ ಹೋಗುವುದಿಲ್ಲ, ನಡೆಯಬೇಕು, ನಡೆದದ್ದು ಸಾರ್ಥಕವೆನಿಸುತ್ತದೆ.

ಕಡಲೊಳಗೆ ಚಾಚಿದ ಪಿಯರ್‌ಗಳ ಮಾತು ಹೇಳದಿದ್ದರೆ ಈ ಊರುಗಳ ಚಿತ್ರ ಪೂರ್ಣವಾಗದು. ಮೊದಮೊದಲು ಅವು ಹಡಗಿನಿಂದ ಇಳಿಯಲು ಇದ್ದ ಕಟ್ಟೆಗಳು. ಸೌತೆಂಡಿನಲ್ಲಿ ಥೇಮ್ಸ್ ಸಮುದ್ರ ಸೇರುವ ಕಡೆ ಇಳಿತದ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು ಬರೀ ಕೆಸರು ಉಳಿಯುತ್ತದೆ. ಹಡಗು ನಿಲ್ಲಬೇಕಾದರೆ ಆಳದ ನೀರಿನವರೆಗೆ ಕಟ್ಟೆಯೇ ಹೋಗಬೇಕಾಯಿತು. ಅಲ್ಲಿಯ ಪಿಯರ್ 2 ಕಿಲೋಮೀಟರಿಗಿಂತ ಉದ್ದವಿರುವುದಕ್ಕೆ, ಅದರ ಮೇಲೆ ಪುಟ್ಟ ರೈಲು ಓಡುವುದಕ್ಕೆ ಕಾರಣ ಆ ಕೆಸರು. ಮರಳಿನಲ್ಲಿ ಕಬ್ಬಿಣದ ಕಂಬ ನೆಡುವ ಉಪಾಯವನ್ನು ಕಂಡುಹಿಡಿದವನು ಐರ್ಲೆಂಡಿನ ಅಂಧ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್: ಕಂಬದ ತುದಿಗೆ ತಿರುಪಿನ ಅಲಗು ಕೂರಿಸಿ, ತಿರುಗಿಸುತ್ತ ತಿರುಗಿಸುತ್ತ ನೆಲಕ್ಕಿಳಿಸುವುದು. ಯುಜೀನಿಯಸ್ ಬರ್ಚ್ ಎಂಬಾತ ಆ ವಿಧಾನವನ್ನು ಬಳಸಿಕೊಂಡು ಪಿಯರ್‌ಗಳ ಶಿಲ್ಪಿಯಾಗಿ ಹೆಸರು ಮಾಡಿದ; ಒಟ್ಟು 14 ಪಿಯರ್‌ಗಳು ಅವನವು. ಬ್ಲ್ಯಾಕ್‌ಪೂಲಿನ ಉತ್ತರ ಪಿಯರ್ 1863ರಿಂದ ಇನ್ನೂ ನಿಂತಿದೆ. ಬ್ರೈಟನ್ನಿನ ಪಶ್ಚಿಮ ಪಿಯರ್ 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ಸಿಕ್ಕಿತು. ಅದರ ಕಬ್ಬಿಣದ ಅಸ್ಥಿಪಂಜರ ಈಗ ಕಡಲಿನ ನಡುವೆ ಒಂಟಿಯಾಗಿ ನಿಂತಿದೆ. ಸಂಜೆಯಾದರೆ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು ಅದರ ಸುತ್ತ ಮೋಡದಂತೆ ಸುಳಿಯುತ್ತದೆ.

ಪಿಯರ್ ಮೇಲೆ ನಡೆಯುವುದರಲ್ಲಿ ಏನು ಸುಖ ಎಂದು ಕೇಳಬಹುದು. ಕಾಲು ಒದ್ದೆಯಾಗದೆ, ಹೊಟ್ಟೆ ತೊಳಸದೆ, ಹಡಗಿನ ಟಿಕೆಟ್ಟಿಗೆ ದುಡ್ಡಿಲ್ಲದವರೂ ಕಡಲಿನ ನಡುವೆ ನಿಲ್ಲಬಹುದು. ಹಲಗೆಗಳ ಸಂದಿಯಲ್ಲಿ ಕೆಳಗೆ ಅಲೆ ಹೊಯ್ದಾಡುವುದು ಕಾಣುತ್ತದೆ. ಗಿರಣಿಯ ಹುಡುಗಿಗೆ ಅದು ಸಣ್ಣ ಸುಖವಾಗಿರಲಿಲ್ಲ.

ಮತ್ತೆ ಬ್ಲ್ಯಾಕ್‌ಪೂಲಿಗೆ ಬರೋಣ. 1846ರಲ್ಲಿ ರೈಲು ಬರುವ ಮುನ್ನ ಅದೊಂದು ಸಣ್ಣ ಊರು. 1871ರಲ್ಲಿ ಜಾನ್ ಲಬಕ್ ಎಂಬ ಸಂಸದ ಬ್ಯಾಂಕ್ ರಜೆಗಳ ಕಾನೂನು ತಂದು ಜನರಿಗೆ ಇನ್ನಷ್ಟು ಬಿಡುವು ಕೊಡಿಸಿದ. ಊರಿನ ಪುರಸಭೆ ಸುಮ್ಮನೆ ಕೂರಲಿಲ್ಲ. 1879ರಲ್ಲಿ ಊರಿನ ಜಾಹೀರಾತಿಗೆಂದೇ ತೆರಿಗೆ ಎತ್ತುವ ಅಧಿಕಾರವನ್ನು ಸಂಸತ್ತಿನಿಂದ ಪಡೆಯಿತು. ಅಂಥ ಅಧಿಕಾರ ಬೇರೆ ಕಡಲೂರುಗಳಿಗೆ ಬಂದದ್ದು 1921ರಲ್ಲಿ. ಅದೇ 1879ರಲ್ಲಿ ದಂಡೆಯ ಮೇಲೆ ಎಂಟು ಆರ್ಕ್ ದೀಪ ಹಚ್ಚಿ ರಾತ್ರಿಯನ್ನು ಹಗಲು ಮಾಡಿತು. 1885ರಲ್ಲಿ ವಿದ್ಯುತ್ ಟ್ರಾಮ್ ಓಡಿತು. ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಬಂದ ಮೇಯರ್ ಜಾನ್ ಬಿಕರ್‌ಸ್ಟಾಫ್ ಪಟ್ಟುಹಿಡಿದ ಮೇಲೆ 1894ರಲ್ಲಿ 158 ಮೀಟರ್ ಎತ್ತರದ ಗೋಪುರ ಎದ್ದಿತು. ಅದರ ನಾಲ್ಕು ಕಾಲುಗಳ ನಡುವೆ ಸರ್ಕಸ್ಸು, ಪಕ್ಕದಲ್ಲಿ ನೃತ್ಯಶಾಲೆ. ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮ್ 1899ರಲ್ಲಿ ಆ ನೃತ್ಯಶಾಲೆಯನ್ನು ಹೊಸದಾಗಿ ಕಟ್ಟಿದಾಗ ಚಿನ್ನದ ಬಣ್ಣದ ಉಬ್ಬುಶಿಲ್ಪ, ಚಿತ್ತಾರದ ಚಾವಣಿ, ದೊಡ್ಡ ದೀಪಗುಚ್ಛಗಳು ಬಂದವು. ಶ್ರೀಮಂತರ ಅರಮನೆಯಲ್ಲಿ ಇರಬೇಕಾದ ಅಂದ ಆರು ಪೆನ್ನಿ ಕೊಟ್ಟು ಗೋಪುರಕ್ಕೆ ಬಂದ ನೇಕಾರಳಿಗೆ ಸಿಕ್ಕಿತು. ಆ ಕಾಲದ ಸಾರ್ವಜನಿಕ ಕಟ್ಟಡಗಳಲ್ಲಿ ಬಡವರಿಗೆಂದು ಇಷ್ಟು ಧಾರಾಳವಾಗಿ ಕಟ್ಟಿದ್ದು ಕಡಿಮೆ.

ತಂಗುವುದು ಮಾತ್ರ ಸಾಲುಮನೆಗಳ ವಸತಿಗೃಹಗಳಲ್ಲಿ. ನಡೆಸುತ್ತಿದ್ದವರು ಹೆಂಗಸರು, ಎಷ್ಟೋ ಮಂದಿ ತಾವೇ ಹಿಂದೆ ಗಿರಣಿಯಲ್ಲಿ ದುಡಿದವರು. ಅತಿಥಿಗಳು ಮಾಂಸ, ತರಕಾರಿ ತಂದುಕೊಟ್ಟರೆ ಮನೆಯೊಡತಿ ಬೇಯಿಸಿ ಬಡಿಸುತ್ತಿದ್ದಳು. ಮೇಜಿನ ಮೇಲಿನ ಉಪ್ಪು, ಮೆಣಸಿನ ಬಟ್ಟಲಿಗೂ ಬೇರೆ ಲೆಕ್ಕ. ಆ ಜಿಪುಣತನದ ಬಗ್ಗೆ ಇಂಗ್ಲೆಂಡ್ ತಲೆಮಾರುಗಳವರೆಗೆ ನಕ್ಕಿತು. ಆದರೆ ಮೂರು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳು ಬಾಳಬೇಕಾದ ಹೆಂಗಸಿಗೆ ಉಪ್ಪಿನ ಲೆಕ್ಕವೂ ಲೆಕ್ಕವೇ. ಇತಿಹಾಸಕಾರ ಜಾನ್ ವಾಲ್ಟನ್ 1978ರಲ್ಲಿ ಈ ಮನೆಯೊಡತಿಯರ ಬಗ್ಗೆಯೇ ಒಂದು ಪುಸ್ತಕ ಬರೆದು ಅವರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು.

ಊರಿಗೆ ಮರಳುವಾಗ ಕೈಯಲ್ಲಿ ‘ರಾಕ್’ ಇರಲೇಬೇಕು. ಬೆರಳು ದಪ್ಪದ, ಗುಲಾಬಿ ಬಣ್ಣದ, ಪೆಪ್ಪರ್‌ಮೆಂಟಿನ ಸಿಹಿಕಡ್ಡಿ. ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು. ಅದನ್ನು ಮಾಡುವುದು ನೋಡುವಂಥದ್ದು. ಸಕ್ಕರೆ, ಗ್ಲೂಕೋಸ್ ಸೇರಿಸಿ ಗಟ್ಟಿಪಾಕ ಬರಿಸಿ, ತಣ್ಣನೆಯ ಹಾಸಿನ ಮೇಲೆ ಸುರಿಯುತ್ತಾರೆ. ಒಂದು ಪಾಲನ್ನು ಕೊಕ್ಕೆಗಳಿಗೆ ಹಾಕಿ ಮತ್ತೆ ಮತ್ತೆ ಎಳೆದಾಗ ಗಾಳಿ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೊಂದು ಪಾಲಿಗೆ ಬಣ್ಣ ಬೆರೆಸಿ, ಬಿಸಿ ಆರುವ ಮೊದಲೇ ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಬಿಳಿಯ ಪಟ್ಟಿಗಳ ಜೊತೆ ಒಂದರ ಮೇಲೊಂದು ಜೋಡಿಸಿ ಕೈಯಲ್ಲೇ ಅಕ್ಷರ ಕಟ್ಟುತ್ತಾರೆ. ಚೌಕನೆಯ ಅಕ್ಷರ ಮೊದಲು. ದುಂಡನೆಯವು ಕುಸಿಯುತ್ತವಾದ್ದರಿಂದ ಕೊನೆಗೆ. ಅಕ್ಷರಗಳನ್ನೆಲ್ಲ ಬಿಳಿ ತಿರುಳಿನ ಸುತ್ತ ನಿಲ್ಲಿಸಿ, ಹೊರಗೆ ಗುಲಾಬಿ ಹೊದಿಕೆ ಸುತ್ತಿದಾಗ ಅದು ಮರದ ದಿಮ್ಮಿಯಷ್ಟು ದಪ್ಪ. ಅದನ್ನು ಉರುಳಿಸುತ್ತ, ಎಳೆಯುತ್ತ ಹೋದಂತೆ ದಿಮ್ಮಿ ಸಣ್ಣಗಾಗುತ್ತದೆ, ಜೊತೆಗೆ ಅಕ್ಷರಗಳೂ ಸಣ್ಣಗಾಗುತ್ತವೆ, ಆದರೆ ಅಳಿಯುವುದಿಲ್ಲ. ಕಟ್ಟುವವನು ಹೆಸರಿನ ಅಕ್ಷರಗಳನ್ನು ದಿಮ್ಮಿಯ ತುದಿಯಲ್ಲಿ ಸರಿಯಾಗಿ ಓದಿಕೊಳ್ಳಬೇಕು. ಅಲ್ಲಿ ತಪ್ಪಿದರೆ ನೂರಾರು ಕಡ್ಡಿಗಳಲ್ಲಿ ಊರಿನ ಹೆಸರೇ ತಪ್ಪು.

ಎಲ್ಲ ಕಡಲೂರುಗಳೂ ಬ್ಲ್ಯಾಕ್‌ಪೂಲಿನ ಹಾಗಲ್ಲ. ಡಾರ್ಸೆಟ್ಟಿನ ಲೈಮ್ ರೀಜಿಸ್‌ಗೆ ಜನ ಬರುವುದು ಬಂಡೆಯೊಳಗಿನ ಪಳೆಯುಳಿಕೆ ಹುಡುಕಲು. ಅಲ್ಲಿಯ ಬಡ ಬಡಗಿಯೊಬ್ಬನ ಮಗಳು ಮೇರಿ ಆ್ಯನಿಂಗ್ ರಜೆಗೆ ಬಂದವರಿಗೆ ಪಳೆಯುಳಿಕೆ ಮಾರಿ ಬದುಕುತ್ತಿದ್ದಳು. 1811-12ರಲ್ಲಿ, ಹನ್ನೆರಡರ ಹರೆಯದಲ್ಲಿ, ಅಣ್ಣನ ಜೊತೆ ಸೇರಿ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಅಸ್ಥಿಪಂಜರ ಹೊರತೆಗೆದಳು, 1823ರಲ್ಲಿ ಪ್ಲೀಸಿಯೋಸಾರ್. ಅವಳ ಶೋಧಗಳ ಮೇಲೆ ಗಂಡಸರು ಪ್ರಬಂಧ ಓದಿದರು, ಲಂಡನ್ನಿನ ಭೂವಿಜ್ಞಾನ ಸಂಘ ಅವಳನ್ನು ಒಳಗೆ ಬಿಡಲಿಲ್ಲ. ಚಳಿಗಾಲದ ಮಳೆಗೆ ಕುಸಿದ ಬಂಡೆಯ ಕೆಳಗೆ ಇವತ್ತಿಗೂ ಮಕ್ಕಳು ಸುತ್ತಿಗೆ ಹಿಡಿದು ಅವಳ ದಾರಿಯಲ್ಲೇ ನಡೆಯುತ್ತಾರೆ.

1936ರಲ್ಲಿ ಬಿಲ್ಲಿ ಬಟ್ಲಿನ್ ಎಂಬ ಉದ್ಯಮಿ ಸ್ಕೆಗ್‌ನೆಸ್ ಎಂಬ ಕಡಲೂರಿನಲ್ಲಿ ರಜೆಯ ಶಿಬಿರ ತೆರೆದ. ಮಳೆಯಿರಲಿ ಚಳಿಯಿರಲಿ, ಹಗಲು ಹೊತ್ತು ವಸತಿಗೃಹದಿಂದ ಹೊರಹೋಗಬೇಕಾದ ಕುಟುಂಬಗಳ ಪಾಡು ನೋಡಿ ಹೊಳೆದ ಉಪಾಯ ಅದು: ವಾರದ ಕೂಲಿಗೆ ವಾರದ ಊಟ, ವಸತಿ, ಆಟ. ಎರಡು ವರ್ಷ ಕಳೆದು, 1938ರಲ್ಲಿ, ಸಂಬಳಸಹಿತ ರಜೆಯ ಕಾನೂನು ಬಂತು. ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಕೇಳಿ ಪಡೆದದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಒಂದೆರಡು ದಶಕ ಕಡಲೂರುಗಳು ತುಂಬಿ ತುಳುಕಿದ್ದರ ಹಿಂದೆ ಈ ಕಾನೂನು ಇದೆ.

ಆಮೇಲೆ ವಿಮಾನ ಅಗ್ಗವಾಯಿತು. ಸ್ಪೇನಿನ ಬಿಸಿಲು ಕೈಗೆಟುಕಿತು. ಬ್ಲ್ಯಾಕ್‌ಪೂಲಿನ ಸೆಂಟ್ರಲ್ ಸ್ಟೇಷನ್ 1964ರಲ್ಲಿ ಮುಚ್ಚಿತು. ಗಿರಣಿಗಳೂ ಒಂದೊಂದಾಗಿ ಮುಚ್ಚಿ ವೇಕ್ಸ್ ವಾರದ ಅರ್ಥವೇ ಹೋಯಿತು. ಜನ ಬಿಸಿಲು ಹುಡುಕಿಕೊಂಡು ಹೋದದ್ದು ತಪ್ಪಲ್ಲ. ಬಿಡುವು ಗಳಿಸಿದವರಿಗೆ ಅದನ್ನು ಕಳೆಯುವ ಜಾಗ ಆರಿಸುವ ಹಕ್ಕೂ ಇದೆ. ತಪ್ಪಿದ್ದು ಹಿಂದೆ ಉಳಿದವರನ್ನು ಸರ್ಕಾರಗಳು ನಡೆಸಿಕೊಂಡ ರೀತಿಯಲ್ಲಿ. ಖಾಲಿಯಾದ ವಸತಿಗೃಹಗಳು ಒಂದೊಂದೇ ಕೋಣೆಯ ಅಗ್ಗದ ಬಾಡಿಗೆ ಮನೆಗಳಾದವು. ಬೇರೆ ಊರುಗಳಲ್ಲಿ ನೆಲೆ ಸಿಗದ ಬಡವರು, ಕಾಯಿಲೆಯವರು ಅಲ್ಲಿಗೆ ಬಂದು ಸೇರಿದರು. ಕೆಲಸ ಸಿಕ್ಕರೆ ಬೇಸಿಗೆಯ ಕೆಲಸ.

2019ರ ಸರ್ಕಾರಿ ಸೂಚ್ಯಂಕದಲ್ಲಿ ಇಂಗ್ಲೆಂಡಿನ ಅತಿ ಹಿಂದುಳಿದ ಹತ್ತು ಬಡಾವಣೆಗಳ ಪೈಕಿ ಎಂಟು ಬ್ಲ್ಯಾಕ್‌ಪೂಲಿನವು. ಎಲ್ಲಕ್ಕಿಂತ ಕೆಳಗಿದ್ದದ್ದು ಇನ್ನೊಂದು ಕಡಲೂರು, ಎಸೆಕ್ಸಿನ ಜೇವಿಕ್. 2021ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟಿ ತಮ್ಮ ವಾರ್ಷಿಕ ವರದಿಯನ್ನು ಪೂರ್ತಿಯಾಗಿ ಕಡಲತೀರದ ಜನರ ಆರೋಗ್ಯಕ್ಕೇ ಮೀಸಲಿಟ್ಟರು. ಕಾಯಿಲೆ ಹೆಚ್ಚು, ಆಯಸ್ಸು ಕಡಿಮೆ, ವೈದ್ಯರು ಸಾಲದು ಎಂದು ಅದು ಬಿಡಿಸಿ ಹೇಳಿತು. ಅಂಕಿಅಂಶಗಳು ಜಿಲ್ಲೆಯ ಸರಾಸರಿಯಲ್ಲಿ ಕರಗಿಹೋಗುವುದರಿಂದ ಸಿರಿವಂತ ಒಳನಾಡಿನ ಮರೆಯಲ್ಲಿ ದಂಡೆಯ ಬಡತನ ಕಾಣದೆ ಹೋಗುತ್ತದೆ ಎಂಬುದೂ ಅದರಲ್ಲಿತ್ತು. ಬ್ಲ್ಯಾಕ್‌ಪೂಲಿನ ಗಂಡಸರ ಸರಾಸರಿ ಆಯಸ್ಸು ಆ ಹೊತ್ತಿಗೆ ಸುಮಾರು 74 ಇತ್ತು, ಇಂಗ್ಲೆಂಡಿನಲ್ಲೇ ಅತಿ ಕಡಿಮೆ. ಆರೋಗ್ಯ ಹುಡುಕಿಕೊಂಡು ಜನ ಬರುತ್ತಿದ್ದ ದಂಡೆಯಲ್ಲಿ ಈ ಸ್ಥಿತಿ ಬಂದದ್ದು ಸಂಕಟದ ವಿಷಯ.

ನೀರಿನ ಸ್ಥಿತಿಯೂ ಹಾಗೇ. ವಿಕ್ಟೋರಿಯಾ ಕಾಲದ ಒಳಚರಂಡಿಯಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ; ಜೋರು ಮಳೆ ಬಂದರೆ ಉಕ್ಕಿದ್ದನ್ನು ಕಡಲಿಗೆ ಬಿಡುತ್ತಾರೆ. 1989ರಲ್ಲಿ ನೀರು ಸರಬರಾಜು ಖಾಸಗಿಯವರ ಕೈಸೇರಿತು. ಮರುವರ್ಷ ಕಾರ್ನ್‌ವಾಲಿನ ಅಲೆಸವಾರರು ಕೊಳಚೆಯ ವಿರುದ್ಧ ಸಂಘ ಕಟ್ಟಿದರು. ಆ ಸಂಘ ಇನ್ನೂ ಹೋರಾಡುತ್ತಿದೆ ಎಂದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ರಸೆಲ್ ವೈದ್ಯ ಕುಡಿಯಿರಿ ಎಂದು ಹೇಳಿದ ನೀರಿಗೆ ಇಳಿಯುವ ಮೊದಲು ತಾಯಂದಿರು ಇಂದು ಫೋನಿನಲ್ಲಿ ಎಚ್ಚರಿಕೆ ಇದೆಯೇ ಎಂದು ನೋಡುತ್ತಾರೆ.

ಚೇತರಿಕೆಯ ಸುದ್ದಿಯೂ ಇದೆ. ಚಿತ್ರಕಾರ ಟರ್ನರ್ ತಂಗುತ್ತಿದ್ದ ಜಾಗದಲ್ಲೇ ಮಾರ್ಗೇಟ್‌ನಲ್ಲಿ 2011ರಲ್ಲಿ ಕಲಾ ಗ್ಯಾಲರಿ ತೆರೆಯಿತು. ಲಂಡನ್ನಿನವರು ಮತ್ತೆ ಬಂದರು, ಬಾಡಿಗೆಯೂ ಏರಿತು. ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಲ್ಲಿ ಹೊರಗಿನವರು ಮನೆ ಕೊಂಡು ಬೀಗ ಹಾಕಿಟ್ಟ ಬೀದಿಗಳು ಚಳಿಗಾಲದಲ್ಲಿ ಕತ್ತಲಾದಾಗ, 2016ರಲ್ಲಿ ಊರವರು ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಬಾಳುವವರಿಗೆ ಮಾತ್ರ ಎಂದು ತೀರ್ಮಾನಿಸಿದರು. ಅವರು ಮಾಡಿದ್ದು ಸರಿ. ಪ್ರವಾಸಿಗೆ ಚೆಂದ ಕಾಣುವ ಊರಿನಲ್ಲಿ ಶಾಲೆಯ ಮೇಷ್ಟ್ರಿಗೆ, ದಾದಿಗೆ, ಮೀನುಗಾರನಿಗೆ ಮನೆ ಸಿಗದಿದ್ದರೆ ಆ ಚೇತರಿಕೆ ಅರ್ಧಂಬರ್ಧದ್ದು. ಕಲಾ ಗ್ಯಾಲರಿಗೆ ಹಣ ಕೊಡುವ ಸರ್ಕಾರ ಚಳಿಗಾಲದ ಕೆಲಸಕ್ಕೆ, ವೈದ್ಯರಿಗೆ, ಒಳಚರಂಡಿಗೆ ಅದಕ್ಕಿಂತ ಹೆಚ್ಚು ಕೊಡಬೇಕು. ಹಿಂದಿನ ಪುರಸಭೆಗಳು ಊರವರ ತೆರಿಗೆಯಿಂದಲೇ ದಂಡೆಯನ್ನು ಬೆಳಗಿದ್ದವು. ಈಗ ಆ ಊರವರ ಕೈ ಖಾಲಿ. ಅವರ ಕಡಲಿನಲ್ಲಿ ಸುಖಪಟ್ಟ ಇಡೀ ದೇಶದ ಬೊಕ್ಕಸ ಅವರಿಗೆ ಋಣಿ.

ಬ್ಲ್ಯಾಕ್‌ಪೂಲ್ ಮಾತ್ರ ದೀಪ ಹಚ್ಚುವುದನ್ನು ಬಿಟ್ಟಿಲ್ಲ. ಬೇಸಿಗೆ ಮುಗಿದು ಜನ ಕರಗುವ ಹೊತ್ತಿಗೆ ದಂಡೆಯುದ್ದಕ್ಕೂ ಸುಮಾರು 10 ಕಿಲೋಮೀಟರ್ ದೀಪಾಲಂಕಾರ ಶುರುವಾಗುತ್ತದೆ. 1912ರಲ್ಲಿ ಸುಮಾರು 10,000 ಬಲ್ಬುಗಳಿಂದ ಆರಂಭವಾದದ್ದು. ಈಗ ಚಳಿಗಾಲದವರೆಗೂ ನಡೆಯುತ್ತದೆ. ನೋಡಲು ಟಿಕೆಟ್ಟಿಲ್ಲ. ಹಳೆಯ ಗಿರಣಿ ಊರುಗಳಿಂದ ಬಂದ ಕಾರುಗಳು ಸಾಲುಗಟ್ಟಿ ಮೆಲ್ಲಗೆ ತೆವಳುತ್ತವೆ. ಹಿಂದಿನ ಸೀಟಿನಿಂದ ಮಕ್ಕಳು ಕಿಟಕಿಯಾಚೆ ಕತ್ತು ಚಾಚುತ್ತಾರೆ. ದೀಪ ಹೊದ್ದ ಟ್ರಾಮೊಂದು ಹಡಗಿನ ವೇಷದಲ್ಲಿ ಗಂಟೆ ಬಾರಿಸುತ್ತ ಪಕ್ಕದಲ್ಲಿ ಹಾದುಹೋಗುತ್ತದೆ, ಅದರಾಚೆ ಕತ್ತಲಲ್ಲಿ ಐರಿಷ್ ಸಮುದ್ರ ಮೊರೆಯುತ್ತಿರುತ್ತದೆ.